ಹಾಸಿಗೆಯ ಕೆಳಗಿನ ಸೌದೆ

ಸರೋವರದಂಡೆಯ ಸರಕಾರಿ ಶಿಬಿರದ ಗೇಟಿನ ಗೂಡಿನಲ್ಲಿದ್ದ ಹುಡುಗಿ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಳು, "ಹೊರಗಿಂದ ಸೌದೆ ಏನಾದ್ರೂ ತಂದಿದೀರಾ?"

"ಇಲ್ಲಮ್ಮ," ಎಂದ ಡೆಲ್ಬರ್ಟ್ ಹೌಗೆನ್.

ಈ ಒಂದು ಮಾತನ್ನು ಹೇಳುವಾಗ ಅವನ ಮುಖದ ಮೇಲೆ, ಭಾನುವಾರ ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿದು ಓಡಾಡುವಾಗಿನ ಸೌಮ್ಯ ಕಳೆ ಬಂದುಬಿಡುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಪಕ್ಕದಲ್ಲಿ ಕೂತ ಹೆಂಡತಿ ಮಾರ್ಲಿಸ್ ಆ ಕಡೆಯ ಕಿಟಕಿಗೆ ತಿರುಗಿ ಸರೋವರ ನೋಡತೊಡಗುತ್ತಿದ್ದಳು. ಸರೋವರ ಪ್ರತಿ ವರ್ಷ ಇದ್ದಲ್ಲೇ ಇರುತ್ತಿತ್ತು. ಆದರೂ ಹುಡುಗಿ ಚೀಟಿ ಹರಿದು ಕೊಡುವವರೆಗೂ ಅವಳು ಅದರಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಹಿಂದೆ ಎಳೆದು ತಂದ ಟ್ರೇಲರಿನಲ್ಲಿ, ಇಬ್ಬರೂ ಮಲಗುವ ಹಾಸಿಗೆಯ ಹಲಗೆ ಎತ್ತಿದರೆ ಕೆಳಗೆ ದೊಡ್ಡ ಪೆಟ್ಟಿಗೆಯಂಥ ಜಾಗ. ಬೇರೆಯವರು ಅಲ್ಲಿ ಚಳಿಯ ಬಟ್ಟೆ, ಮಡಿಚುವ ಕುರ್ಚಿ ತುಂಬಿಕೊಳ್ಳುತ್ತಾರೆ. ಡೆಲ್ಬರ್ಟ್ ಸೌದೆ ತುಂಬಿದ್ದ. ಸೈಂಟ್ ಪಾಲ್‌ನ ತಮ್ಮ ಮನೆಯ ಹಿತ್ತಲ ಆ್ಯಶ್ ಮರಗಳಲ್ಲಿ ಒಣಗಿ ನಿಂತಿದ್ದ ಒಂದನ್ನು ಚಳಿಗಾಲದಲ್ಲಿ ತಾನೇ ಉರುಳಿಸಿ, ತಾನೇ ಸೀಳಿ, ಒಂದೇ ಅಳತೆಗೆ ಜೋಡಿಸಿದ ಸೌದೆ. ಅದರ ಮೇಲೆ ಎರಡು ಕೌದಿ, ಕೌದಿಯ ಮೇಲೆ ಹಲಗೆ, ಹಲಗೆಯ ಮೇಲೆ ಹಾಸಿಗೆ.

ಡೆಲ್ಬರ್ಟ್ ಮೋಸಗಾರನೇನೂ ಅಲ್ಲ. ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು. ರಸ್ತೆ ಖಾಲಿ ಇದ್ದರೂ ಕೆಂಪು ದೀಪ ದಾಟಿದವನಲ್ಲ. ಆದರೆ ಸೌದೆಯ ವಿಷಯ ಬಂದರೆ ಮಾತ್ರ ಸರಕಾರಕ್ಕೂ ಅವನಿಗೂ ಹೊಂದುತ್ತಿರಲಿಲ್ಲ. ಶಿಬಿರದ ಅಂಗಡಿಯಲ್ಲಿ ಮಾರುವ ಕಟ್ಟು ಹಿಂಡಿದರೆ ನೀರು ಬರುತ್ತದೆ, ಉರಿಯುವುದಕ್ಕಿಂತ ಹೆಚ್ಚು ಅಳುತ್ತದೆ ಎಂಬುದು ಅವನ ದೂರು. ಅದು ಸುಳ್ಳೂ ಅಲ್ಲ. ಹೊರಗಿನ ಸೌದೆಯಲ್ಲಿ ಆ್ಯಶ್ ಮರಗಳನ್ನು ಕೊಲ್ಲುವ ಹಸಿರು ದುಂಬಿಯ ಮರಿ ಅವಿತು ಬರುತ್ತದೆ, ದಯವಿಟ್ಟು ತರಬೇಡಿ ಎಂದು ಗೇಟಿನಲ್ಲಿ ಬೋರ್ಡು ಹಾಕಿ ವರ್ಷಗಳಾಗಿದ್ದವು. ಆ ಬೋರ್ಡು ಕಂಡಾಗಲೆಲ್ಲ ಅವನು ಮಾರ್ಲಿಸ್‌ಗೆ ಒಂದೇ ವಾದ ಹೂಡುತ್ತಿದ್ದ.

"ಆ ಹುಳಕ್ಕೆ ರೆಕ್ಕೆ ಇದೆ ಕಣೇ. ಬರಬೇಕು ಅಂದ್ರೆ ತಾನೇ ಹಾರ್ಕೊಂಡು ಬರುತ್ತೆ. ನನ್ನ ಗಾಡಿ ಹೊರಡೋ ತನಕ ಕಾಯ್ಕೊಂಡು ಕೂತಿರುತ್ತಾ?"

"ರೆಕ್ಕೆ ಇರೋದಕ್ಕೆ ಗಾಡೀನೂ ಸಿಕ್ಕಿದ್ರೆ ಇನ್ನೂ ಬೇಗ ಬರುತ್ತೆ," ಎನ್ನುತ್ತಿದ್ದಳು ಮಾರ್ಲಿಸ್. ಅಷ್ಟು ಹೇಳಿ ಹೆಣಿಗೆ ಕೈಗೆತ್ತಿಕೊಳ್ಳುತ್ತಿದ್ದಳು. ಮುಂದಕ್ಕೆ ಜಗಳ ಬೆಳೆಸುವುದು ಅವಳ ಜಾಯಮಾನವಲ್ಲ.

ಟ್ರೇಲರಿನ ಬಾಗಿಲಿನ ಒಳಮೈಗೆ ದೇಶದ ನಕ್ಷೆ ಅಂಟಿಸಿತ್ತು. ದಂಡೆಯಲ್ಲಿ ತಂಗಿದ ಒಂದೊಂದು ಸರೋವರಕ್ಕೂ ಒಂದೊಂದು ಬಣ್ಣದ ಚುಕ್ಕೆ. ಮಿಶಿಗನ್, ವಿಸ್ಕಾನ್ಸಿನ್, ಮೊಂಟಾನಾ, ಅತ್ತ ಮೇಯ್ನ್‌ವರೆಗೂ ಚುಕ್ಕೆಗಳಿದ್ದವು. ಹೋದಲ್ಲೆಲ್ಲ ತನ್ನ ಹಿತ್ತಲ ಸೌದೆಯಿಂದಲೇ ಬೆಂಕಿ ಹಾಕಿದ್ದೇನೆ ಎಂದು ಡೆಲ್ಬರ್ಟ್ ತನ್ನ ಊರಲ್ಲಿ ಸಿಕ್ಕವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ. ಆದರೆ ಎಷ್ಟು ತಿರುಗಿದರೂ ಜೂನ್ ಕೊನೆಗೆ ಮಿನೆಸೋಟಾದ ಉತ್ತರದ ಈ ಸರೋವರಕ್ಕೆ ಬರುವುದು ಮಾತ್ರ ತಪ್ಪುತ್ತಿರಲಿಲ್ಲ. ಅದಕ್ಕೆ ಕಾರಣ ರೋಸೆಲಾ.

ಶಿಬಿರದ ಬೇಲಿ ಮುಗಿದ ಮೇಲೆ ಸರೋವರ ಒಂದು ಸುತ್ತು ತಿರುಗುತ್ತದೆ. ಅಲ್ಲಿಂದಾಚೆ ಓಜಿಬ್ವೆ ಎಂಬ ಮೂಲನಿವಾಸಿ ಜನರ ನೆಲ. ಅಲ್ಲಿ ದಂಡೆಯ ಮೇಲಿನ ನೀಲಿ ಮನೆಯಲ್ಲಿ ರೋಸೆಲಾ ಇದ್ದಳು. ವರ್ಷಗಳ ಹಿಂದೆ ಒಂದು ಜಡಿಮಳೆಯಲ್ಲಿ ಹೌಗೆನ್ ದಂಪತಿಗಳ ಟ್ರೇಲರಿನ ಅಚ್ಚು ಮುರಿದು ಅವಳ ಮನೆಯ ಮುಂದೆಯೇ ನಿಂತಿತು. ಅವಳೂ, ಆಗಿನ್ನೂ ಬದುಕಿದ್ದ ಅವಳ ಗಂಡನೂ ಇಬ್ಬರನ್ನೂ ಒಳಗೆ ಕರೆದು, ಕಾಡಕ್ಕಿಯ ಗಂಜಿ ಹಾಕಿ, ಅಚ್ಚು ಸರಿಯಾಗುವವರೆಗೆ ಇಟ್ಟುಕೊಂಡರು. ಆ ಋಣಕ್ಕೆ ಡೆಲ್ಬರ್ಟ್ ಮರುವರ್ಷ ಒಂದು ಹೊರೆ ಒಳ್ಳೆಯ ಸೌದೆ ಇಳಿಸಿದ. ವಸಂತದಲ್ಲಿ ಮೇಪಲ್ ಮರದ ರಸ ಕಾಯಿಸಿ ಸಕ್ಕರೆ ಮಾಡಲು ಅವಳಿಗೆ ಸೌದೆ ಬೇಕೇ ಬೇಕು. ಅವಳು ಬದಲಿಗೆ ತಾನು ಹೆಣೆದ ಒಂದು ಬುಟ್ಟಿ ಕೊಟ್ಟಳು. ಅಂದಿನಿಂದ ಅದೇ ಪದ್ಧತಿಯಾಯಿತು. ಸೈಂಟ್ ಪಾಲ್‌ನ ಮನೆಯಲ್ಲಿ ಈರುಳ್ಳಿಗೊಂದು ಬುಟ್ಟಿ, ಉಣ್ಣೆಗೊಂದು ಬುಟ್ಟಿ, ಬೆಕ್ಕು ಮಲಗಲೊಂದು ಬುಟ್ಟಿ ಆಗಿ, ಇಡಲು ಜಾಗವಿಲ್ಲದಂತಾಗಿತ್ತು.

ಬೋರ್ಡು ಬಂದ ವರ್ಷ ರೋಸೆಲಾ ಒಮ್ಮೆ ಕೇಳಿದ್ದಳು, ಈ ಸೌದೆ ಎಲ್ಲಿಯದೆಂದು. ಡೆಲ್ಬರ್ಟ್ ಇಲ್ಲಿಯದೇ, ಪೇಟೆಯ ಅಂಗಡಿಯದು ಎಂದುಬಿಟ್ಟ. ಅವಳು ಮತ್ತೆ ಯಾವತ್ತೂ ಕೇಳಲಿಲ್ಲ. ಅವನ ಮಾತನ್ನು ಅವಳು ನಂಬಿದ್ದಳು.

ಈ ಸಲ ಸೌದೆ ಇಳಿಸಲು ಹೋದಾಗ ಅವಳು ಅಂಗಳದಲ್ಲಿ ಒಂದು ದಿಮ್ಮಿಯನ್ನು ಬಡಿಯುತ್ತಿದ್ದಳು. ಕೊಡಲಿಯ ಹಿಂಬದಿಯಿಂದ ದಿಮ್ಮಿಯುದ್ದಕ್ಕೂ ಸಾಲಾಗಿ ಏಟು ಹಾಕುತ್ತ ಹೋದರೆ, ಕರಿ ಆ್ಯಶ್ ಮರ ವರ್ಷವರ್ಷದ ಬೆಳವಣಿಗೆಯಾಗಿ ಪದರ ಪದರ ಬಿಟ್ಟುಕೊಡುತ್ತದೆ. ಆ ಪದರವನ್ನೇ ಸೀಳಿ ನಯ ಮಾಡಿ ಬುಟ್ಟಿ ಹೆಣೆಯುವುದು. ಬೇರೆ ಯಾವ ಮರವೂ ಹಾಗೆ ಬಿಟ್ಟುಕೊಡುವುದಿಲ್ಲ. ಆ ಮರ ಬೆಳೆಯುವುದು ಅವಳ ಮನೆಯ ಹಿಂದಿನ ಜೌಗಿನಲ್ಲಿ. ಅವಳ ಅಜ್ಜಿ ಅಲ್ಲಿಂದಲೇ ತಂದದ್ದು, ತಾಯಿಯೂ ಅಲ್ಲಿಂದಲೇ.

"ಭುಜ ಹೋಯ್ತು ಕಣಯ್ಯಾ," ಎಂದಳು ರೋಸೆಲಾ ಕೊಡಲಿ ಕೆಳಗಿಟ್ಟು. "ಅವರಿದ್ದಾಗ ಬಡಿಯೋದು ಅವರ ಕೆಲಸ, ಬೈಯೋದು ನನ್ನ ಕೆಲಸ. ಈಗ ಎರಡೂ ನಂದೇ."

ಡೆಲ್ಬರ್ಟ್ ಕೊಟ್ಟಿಗೆಯ ಗೋಡೆಗೆ ಸೌದೆ ಒಟ್ಟಿದ. ಅಲ್ಲಿಂದ ಜೌಗು ಒಂದು ಕೂಗಳತೆ. ಮರಗಳ ನಡುವೆ ನೇರಳೆ ಬಣ್ಣದ ಪೆಟ್ಟಿಗೆಯೊಂದು ತೂಗುತ್ತಿತ್ತು. ಹಸಿರು ದುಂಬಿ ಬಂದರೆ ಅಂಟಿಕೊಳ್ಳಲೆಂದು ಅರಣ್ಯದವರು ಕಟ್ಟಿದ್ದು, ಶಾಲೆಯ ಫಲಿತಾಂಶ ನೋಡಲು ಹೋಗುವಂತೆ ವಾರವಾರ ಹೋಗಿ ಇಣುಕುತ್ತೇನೆ ಎಂದು ಅವಳು ನಗುತ್ತಲೇ ಹೇಳಿದಳು. ಇಲ್ಲಿಯವರೆಗೆ ಒಂದೂ ಬಿದ್ದಿಲ್ಲ. ದಕ್ಷಿಣದ ಕಡೆ ಅವಳ ಚಿಕ್ಕಮ್ಮನ ಮಗಳ ಜೌಗಿನಲ್ಲಿ ಬಿದ್ದವು. ಮೂರು ಬೇಸಿಗೆ ಕಳೆಯುವುದರೊಳಗೆ ಅಲ್ಲಿ ಎಲೆ ಇರುವ ಒಂದು ಆ್ಯಶ್ ಉಳಿಯಲಿಲ್ಲ. ಆ ಚಿಕ್ಕಮ್ಮನ ಮಗಳು ಈಗ ಬುಟ್ಟಿ ಬಿಟ್ಟು ಜೂಜಿನ ಮನೆಯಲ್ಲಿ ಮೇಜು ಒರೆಸುತ್ತಿದ್ದಾಳೆ.

ಡೆಲ್ಬರ್ಟ್ ಕೊನೆಯ ತುಂಡು ಇಟ್ಟು, ಸಾಲು ನೆಟ್ಟಗಿದೆಯೇ ಎಂದು ಸುಮ್ಮನೆ ಎರಡು ಸಲ ಸವರಿ ನೋಡಿದ.

ಅದಾಗಿ ಎರಡು ದಿನಕ್ಕೆ, ಮಧ್ಯಾಹ್ನದ ಮೀನು ಹುರಿಯಲು ಬೆಂಕಿ ಹಾಕಬೇಕಿತ್ತು. ತಮಗೆಂದು ಉಳಿಸಿಕೊಂಡ ಸೌದೆಯಲ್ಲಿ ದಪ್ಪನೆಯದೊಂದನ್ನು ಡೆಲ್ಬರ್ಟ್ ಸೀಳಲು ನಿಲ್ಲಿಸಿದ. ಒಂದೇ ಏಟಿಗೆ ತೊಗಟೆ ಅಂಗೈಯಗಲ ಕಳಚಿಬಿತ್ತು. ಒಳಗೆ ಮರದ ಮೈಮೇಲೆ ಅಂಕುಡೊಂಕು ದಾರಿಗಳು, ದಾರಿಯ ತುಂಬ ಹಿಟ್ಟಿನಂಥ ಪುಡಿ. ಆ ಪುಡಿಯಲ್ಲಿ ಬಿಳಿಯ ಹುಳವೊಂದು ಬಿಸಿಲು ತಾಗಿ ಮಿಸುಕಾಡಿತು.

ಅವನು ಕೊಡಲಿ ಪಕ್ಕಕ್ಕಿಟ್ಟ. ಮನೆಯ ಬೀದಿಯಲ್ಲಿ ನಗರಸಭೆಯವರು ಸಾಲುಮರ ಕಡಿದುಕೊಂಡು ಹೋದದ್ದು ಅವನಿಗೆ ಗೊತ್ತಿತ್ತು. ಅವು ಯಾಕೆ ಸತ್ತವು ಎಂಬುದೂ ಗೊತ್ತಿತ್ತು. ತನ್ನ ಹಿತ್ತಲಿನದು ಮಾತ್ರ ವಯಸ್ಸಾಗಿ ಒಣಗಿದ್ದು ಎಂದು ತನಗೆ ತಾನೇ ಹೇಳಿಕೊಂಡಿದ್ದ, ಯಾಕೆಂದರೆ ಹಾಗೆ ಹೇಳಿಕೊಂಡರೆ ಸೌದೆ ಒಯ್ಯಬಹುದಿತ್ತು.

ಮಾರ್ಲಿಸ್ ಬಾಣಲೆ ಹಿಡಿದುಕೊಂಡು ಬಂದು ನೋಡಿದಳು. ಬಾಣಲೆ ಕೆಳಗಿಟ್ಟಳು.

"ಕೊಟ್ಟಿಗೆ ಹತ್ರ ಒಟ್ಟಿದ್ದೂ ಇದೇ ಮರದ್ದಲ್ವಾ?"

"ಹೂಂ."

"ನೀನು ಹೇಳ್ತೀಯೋ, ನಾನು ಹೋಗಿ ಹೇಳ್ಲೋ?"

ಡೆಲ್ಬರ್ಟ್ ಬೇರೆ ದಾರಿ ಯೋಚಿಸಿದ್ದ. ಆ ಸೌದೆ ಯಾಕೋ ಹಸಿಯಾಗಿದೆ, ಬದಲಾಯಿಸಿ ಕೊಡುತ್ತೇನೆ ಎಂದು ರೋಸೆಲಾಗೆ ಹೇಳಿ ಪೂರ್ತಿ ತುಂಬಿಕೊಂಡು ಬಂದು, ಇಲ್ಲೇ ಸುಟ್ಟು ಬೂದಿ ಮಾಡುವುದು. ಅಂಗಡಿಯಿಂದ ಕಟ್ಟು ಕೊಂಡು ಅವಳಿಗೆ ಇಳಿಸುವುದು. ಹುಳವೂ ಸಾಯುತ್ತದೆ, ಅವಳ ಮನಸ್ಸಿಗೂ ನೋವಿಲ್ಲ. ಹೆಂಡತಿಗೆ ಇದನ್ನು ಹೇಳಿದ.

"ಒಂದೆರಡು ಹುಳ ಆಗಲೇ ಹಾರಿದ್ರೆ?" ಎಂದಳು ಮಾರ್ಲಿಸ್. "ಅವಳು ಅದನ್ನ ಹುಡುಕೋದಾದ್ರೂ ಬೇಡ್ವಾ? ಇಷ್ಟು ವರ್ಷ ಗೇಟ್ ಹತ್ರ ನಾನು ಮುಖ ತಿರುಗಿಸ್ಕೊಂಡು ಕೂತಿದ್ದೆ, ಡೆಲ್. ನೀನು ಹೇಳಿದ ಸುಳ್ಳಲ್ಲಿ ನನ್ನದೂ ಅರ್ಧ ಇದೆ. ಇನ್ನೊಂದರಲ್ಲಿ ನಾನು ಪಾಲು ತಗೊಳಲ್ಲ."

ಮೀನು ಹುರಿಯುವುದು ಅಲ್ಲಿಗೇ ನಿಂತಿತು. ಡೆಲ್ಬರ್ಟ್ ಆ ತೊಗಟೆಯನ್ನೂ ಹುಳವನ್ನೂ ಒಂದು ಖಾಲಿ ಉಪ್ಪಿನಕಾಯಿ ಶೀಶೆಗೆ ಹಾಕಿಕೊಂಡು ಒಬ್ಬನೇ ಹೊರಟ. ಹೊರಟವನಿಗೆ ದಾರಿಯುದ್ದಕ್ಕೂ, ಹಸಿ ಸೌದೆ ಎಂಬ ಮಾತೇ ನಾಲಿಗೆಯ ತುದಿಯಲ್ಲಿತ್ತು.

ರೋಸೆಲಾ ಜಗಲಿಯಲ್ಲಿ ಕೂತು ಬುಟ್ಟಿಯ ಅಂಚು ಕಟ್ಟುತ್ತಿದ್ದಳು. ಮಾರ್ಲಿಸ್ ಹೆಣಿಗೆಗೆ ಸರಿಹೋಗುವಂತೆ ಮುಚ್ಚಳವಿರುವ ಬುಟ್ಟಿ, ಈ ವರ್ಷದ್ದು. ನೋಡು ಎಂದು ಎತ್ತಿ ತೋರಿಸಿದಳು.

"ರೋಸೆಲಾ, ಆ ಸೌದೆ..." ಎಂದು ಡೆಲ್ಬರ್ಟ್ ಶುರುಮಾಡಿದ. ಮುಂದಿನ ಮಾತು ಹಸಿಯಾಗಿದೆ ಎಂಬುದೇ. ಆದರೆ ಅವಳ ಕೈಯಲ್ಲಿದ್ದ ಬುಟ್ಟಿ ನೋಡಿ ಅದನ್ನು ಬಿಟ್ಟುಬಿಟ್ಟ. ಶೀಶೆಯನ್ನು ಅವಳ ಮುಂದಿಟ್ಟು, "ಅದು ಪೇಟೆ ಅಂಗಡೀದಲ್ಲ. ಯಾವ ವರ್ಷಾನೂ ಅಲ್ಲ. ನಮ್ಮ ಹಿತ್ತಲದ್ದು. ಆ್ಯಶ್," ಎಂದ.

ಅವಳು ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಈ ಹುಳ ಒಂದಲ್ಲ ಒಂದಿನ ಬರುತ್ತೆ ಅಂತ ನಂಗೆ ಗೊತ್ತಿತ್ತು, ಡೆಲ್ಬರ್ಟ್," ಎಂದಳು. "ಗಾಳೀಲಿ ಬರುತ್ತೆ, ಯಾರೋ ಗೊತ್ತಿಲ್ಲದವನ ಲಾರೀಲಿ ಬರುತ್ತೆ ಅಂದ್ಕೊಂಡಿದ್ದೆ. ನಿನ್ನ ಕೈಯಲ್ಲಿ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ."

ಅಷ್ಟೇ. ಎದ್ದು ಒಳಗೆ ಹೋಗಿ ಅರಣ್ಯ ಕಚೇರಿಗೆ ಫೋನು ಮಾಡಿದಳು. ಸೌದೆ ಕದಲಿಸಬೇಡಿ, ದಪ್ಪ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಮಣ್ಣು ಒತ್ತಿ, ನಾಳೆ ಬೆಳಿಗ್ಗೆ ಬರುತ್ತೇವೆ ಎಂದರು. ಇಬ್ಬರೂ ಸೇರಿ ಹೊದಿಸಿದರು. ಅವಳು ಒಂದು ತುದಿ ಹಿಡಿದಳು, ಅವನು ಇನ್ನೊಂದು. ಹೊರಡುವಾಗ ಅವನು ಏನೋ ಹೇಳಲು ನಿಂತ. ಅವಳು ಜೌಗಿನ ಕಡೆ ನಡೆದುಬಿಟ್ಟಿದ್ದಳು, ನೇರಳೆ ಪೆಟ್ಟಿಗೆ ನೋಡಲು.

ಆ ಸಂಜೆ ಟ್ರೇಲರಿನ ಮುಂದೆ ಬೆಂಕಿ ಹಾಕಲಿಲ್ಲ. ಸುತ್ತಲ ಟೆಂಟುಗಳಲ್ಲಿ ಮಕ್ಕಳು ಕಡ್ಡಿಗೆ ಸಿಹಿ ಚುಚ್ಚಿ ಸುಡುತ್ತಿದ್ದರು, ಯಾರೋ ಗಿಟಾರು ಬಾರಿಸುತ್ತಿದ್ದರು. ಒಳಗೆ ಹೋಗಲು ಬಾಗಿಲು ತೆರೆದ ಡೆಲ್ಬರ್ಟ್‌ಗೆ ನಕ್ಷೆ ಎದುರಾಯಿತು. ಇಷ್ಟು ದಿನ ಅಲ್ಲಿ ಕಂಡದ್ದು ತಾನು ನೋಡಿದ ಊರುಗಳು. ಈಗ ಒಂದೊಂದು ಚುಕ್ಕೆಯಲ್ಲೂ ತಾನು ಸೌದೆ ಇಳಿಸಿದ ಜಾಗ ಕಂಡಿತು. ಮಿಶಿಗನ್‌ನ ಆ ಸರೋವರಕ್ಕೆ ಎರಡನೆಯ ಸಲ ಹೋದಾಗ ದಂಡೆಯ ಮರಗಳೆಲ್ಲ ಸತ್ತು ಬೋಳಾಗಿತ್ತು, ಅಯ್ಯೋ ಪಾಪ ಎಂದುಕೊಂಡು ಬೇರೆ ಜಾಗ ಹುಡುಕಿಕೊಂಡಿದ್ದರು. ಅದು ತನ್ನಿಂದ ಆದದ್ದೋ ಅಲ್ಲವೋ ಅವನಿಗೆ ಗೊತ್ತಿಲ್ಲ, ಇನ್ನು ಗೊತ್ತಾಗುವಂತೆಯೂ ಇಲ್ಲ. ಮಾರ್ಲಿಸ್ ಸುಮ್ಮನೆ ಅವನ ಬೆನ್ನ ಮೇಲೆ ಕೈಯಿಟ್ಟಳು.

ಮರುದಿನ ಅರಣ್ಯ ಕಚೇರಿಯಿಂದ ಬಂದವಳು ಟೆಸ್ ನೈಕ್ವಿಸ್ಟ್ ಎಂಬ ಹೆಂಗಸು. ಮೊಣಕಾಲವರೆಗಿನ ರಬ್ಬರ್ ಬೂಟು, ಸೊಂಟಕ್ಕೆ ಸಣ್ಣ ಉಳಿ. ಶೀಶೆಯನ್ನು ಒಮ್ಮೆ ನೋಡಿ ಜೇಬಿಗೆ ಹಾಕಿಕೊಂಡಳು. ಪ್ಲಾಸ್ಟಿಕ್ ಸರಿಸಿ ಒಂದೊಂದೇ ತುಂಡು ತೆಗೆದು ತೊಗಟೆ ಎಬ್ಬಿಸುತ್ತ ಹೋದಳು. ರೋಸೆಲಾ ಕೊಟ್ಟಿಗೆಯ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದಳು. ಡೆಲ್ಬರ್ಟ್ ಎದುರಿಗೆ, ಮಾರ್ಲಿಸ್ ಅವನ ಪಕ್ಕದಲ್ಲಿ. ಯಾರೂ ಕೂರಲಿಲ್ಲ.

"ಈ ಮರ ಹೇಗೆ ಸತ್ತಿದ್ದು?" ಎಂದು ಟೆಸ್ ತಲೆ ಎತ್ತದೆಯೇ ಕೇಳಿದಳು.

ವಯಸ್ಸಾಗಿ ಇರಬೇಕು ಎಂದ ಡೆಲ್ಬರ್ಟ್. ಮಾರ್ಲಿಸ್ ತಿದ್ದಿದಳು. ಕಾರು ನಿಲ್ಲಿಸಲು ಹಿತ್ತಲಲ್ಲಿ ಕಾಂಕ್ರೀಟ್ ಹಾಕಿಸಿದಾಗ ಅದರ ಒಂದು ಕಡೆಯ ಬೇರನ್ನೆಲ್ಲ ಕಡಿದುಹಾಕಿದ್ದರು, ಆಮೇಲೆ ಅದು ಚಿಗುರಲೇ ಇಲ್ಲ.

"ಹಾಗಾದ್ರೆ ಸರಿ." ಟೆಸ್ ಒಂದು ತುಂಡು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು. "ತೂತು ನೋಡಿ, ದುಂಡಗಿದೆ. ಹಸಿರು ದುಂಬಿ ಮಾಡೋ ತೂತು ಒಂದು ಕಡೆ ಚಪ್ಪಟೆ ಇರುತ್ತೆ, ಅರ್ಧ ಚಂದ್ರನ ಥರ. ಅದರ ಹುಳಾನೂ ಚಪ್ಪಟೆ. ಇದು ಗುಂಡಗಿದೆ, ಮರದ ಒಳಕ್ಕೇ ಕೊರೆದಿದೆ. ಇದು ನಮ್ಮ ಕಡೆ ಹಿಂದಿಂದ್ಲೂ ಇರೋ ಹುಳ. ಸತ್ತ ಮರ, ಸಾಯ್ತಿರೋ ಮರ ತಿನ್ನುತ್ತೆ. ಚೆನ್ನಾಗಿರೋ ಮರದ ತಂಟೆಗೆ ಹೋಗಲ್ಲ. ಎಲ್ಲಾ ತುಂಡೂ ನೋಡಿದೀನಿ. ಆ ದುಂಬಿ ಇದರಲ್ಲಿಲ್ಲ."

ಡೆಲ್ಬರ್ಟ್ ನಿಂತಲ್ಲೇ ನೆಲದ ಮೇಲೆ ಕೂತುಬಿಟ್ಟ. ನಗುತ್ತಿದ್ದೇನೋ ಅಳುತ್ತಿದ್ದೇನೋ ಅವನಿಗೇ ತಿಳಿಯಲಿಲ್ಲ. ಮಾರ್ಲಿಸ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದಳು, ಮತ್ತೆ ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು. ರೋಸೆಲಾ ಗೋಡೆ ಬಿಟ್ಟು ಬಂದು ಆ ತುಂಡನ್ನು ಇಸಿದುಕೊಂಡು, ದುಂಡು ತೂತಿನೊಳಗೆ ಕಿರುಬೆರಳಿನ ಉಗುರು ಆಡಿಸಿ ನೋಡಿದಳು. ಆಮೇಲೆ ದೀರ್ಘವಾಗಿ ಉಸಿರು ಬಿಟ್ಟಳು. ಅವಳ ಭುಜ ಕೆಳಗಿಳಿದದ್ದು ಎಲ್ಲರಿಗೂ ಕಂಡಿತು.

ಟೆಸ್ ಉಳಿ ಒರೆಸಿಕೊಳ್ಳುತ್ತ, ಇದನ್ನೆಲ್ಲ ಇವತ್ತೇ ಸುಟ್ಟುಬಿಡಬೇಕು ಎಂದಳು. ಸೈಂಟ್ ಪಾಲ್‌ನ ಹತ್ತು ಆ್ಯಶ್ ಮರ ಕಡಿದರೆ ಅದರಲ್ಲಿ ಬಹುಪಾಲು ಆ ದುಂಬಿ ಹತ್ತಿದವೇ ಇರುತ್ತವೆ, ನಿಮ್ಮದಕ್ಕೆ ಹತ್ತದೆ ಹೋದದ್ದು ಅದೃಷ್ಟ ಎಂದೂ ಹೇಳಿದಳು. ಡೆಲ್ಬರ್ಟ್ ಎದ್ದುನಿಂತು ದಂಡ ಹಾಕುವುದಿದ್ದರೆ ಹಾಕಿ ಎಂದ. ಇದು ಶಿಬಿರದ ಬೇಲಿಯಾಚೆಯ ನೆಲ, ದಂಡ ಹಾಕುವುದು ನನ್ನ ಕೈಯಲ್ಲಿಲ್ಲ ಎಂದು ಅವಳು ರೋಸೆಲಾಳ ಮುಖ ನೋಡಿದಳು. ನೆಲ ಅವಳದ್ದು.

"ದಂಡ ಆಮೇಲೆ ನೋಡೋಣ," ಎಂದಳು ರೋಸೆಲಾ. "ಮೊದ್ಲು ಬೆಂಕಿ."

ಸಕ್ಕರೆ ಕಾಯಿಸುವ ಕಲ್ಲಿನ ಒಲೆಯಲ್ಲಿ ಮಧ್ಯಾಹ್ನವಿಡೀ ಸುಟ್ಟರು. ಟ್ರೇಲರಿನಲ್ಲಿ ಉಳಿದಿದ್ದನ್ನೂ ಡೆಲ್ಬರ್ಟ್ ಚೀಲದಲ್ಲಿ ಬಿಗಿದು ತಂದು ಹಾಕಿದ, ಹಾಸಿಗೆಯ ಕೆಳಗಿನ ಪುಡಿಯನ್ನೂ ಬಿಡದೆ ಗುಡಿಸಿ ತಂದ. ಒಳ್ಳೆಯ ಸೌದೆ, ಹೊಗೆಯಿಲ್ಲದೆ ಉರಿಯಿತು. ಅದನ್ನು ನೋಡಿ ಅವನಿಗೆ ಒಳಗೊಳಗೇ ಸಂಕಟವೂ ಆಯಿತೆನ್ನಿ. ಮಾರ್ಲಿಸ್ ಅದೇ ಉರಿಯ ಮೇಲೆ ನಿನ್ನೆ ಉಳಿದ ಮೀನು ಹುರಿದಳು. ರೋಸೆಲಾ ಕಾಡಕ್ಕಿ ಬೇಯಿಸಿದಳು. ಟೆಸ್ ಕೂಡ ಹೋಗುತ್ತೇನೆ ಹೋಗುತ್ತೇನೆ ಎನ್ನುತ್ತಲೇ ಎರಡು ಸಲ ಬಡಿಸಿಕೊಂಡಳು. ನಿನ್ನೆ ಯಾರೂ ಸರಿಯಾಗಿ ಉಂಡಿರಲಿಲ್ಲವಾದ್ದರಿಂದ ಪಾತ್ರೆ ಬೇಗ ಖಾಲಿಯಾಯಿತು.

ಕೆಂಡ ಬೂದಿಯಾಗುವ ಹೊತ್ತಿಗೆ ರೋಸೆಲಾ ಮುಚ್ಚಳದ ಬುಟ್ಟಿಯನ್ನು ಒಳಗಿನಿಂದ ತಂದಳು. ಮಾರ್ಲಿಸ್ ಕೈ ಚಾಚಿದಳು. ರೋಸೆಲಾ ಅದನ್ನು ಕೊಡದೆ ಜಗಲಿಯ ಮೊಳೆಗೆ ನೇತುಹಾಕಿದಳು.

"ಇದು ಸೌದೆಗೆ ಬದ್ಲು ಕೊಡೋದು. ಸೌದೆ ಎಲ್ಲಿದೆ ಈಗ?"

ಡೆಲ್ಬರ್ಟ್ ತಲೆ ತಗ್ಗಿಸಿದ. ಅಂಗಡಿಯಿಂದ ಇಲ್ಲಿಯದೇ ಸೌದೆ ನಾಳೆಯೇ ತಂದು ಒಟ್ಟುತ್ತೇನೆ, ಎಷ್ಟು ಬೇಕಾದರೂ ಎಂದ.

"ಅಂಗಡಿ ಸೌದೆ ನಾನೂ ತರ್ತೀನಪ್ಪ, ಅದಕ್ಕೆ ನೀನ್ಯಾಕೆ?" ಎಂದು ಅವಳು ಅಂಗಳದ ದಿಮ್ಮಿಯ ಪಕ್ಕದಲ್ಲಿದ್ದ ಕೊಡಲಿ ಎತ್ತಿ, ಹಿಡಿಯನ್ನು ಅವನ ಕಡೆ ಚಾಚಿದಳು. "ನೀನು ಇಷ್ಟು ವರ್ಷ ತಂದಿದ್ದು ಸೌದೆ. ನಂಗೆ ಬೇಕಾಗಿರೋದು ಭುಜ. ಅದರಲ್ಲಿ ಹುಳ ಗಿಳ ಇಲ್ಲ ತಾನೇ?"

ಅವನು ಕೊಡಲಿ ತೆಗೆದುಕೊಂಡ. ಮೊದಲ ಏಟು ಜೋರಾಗಿ ಬಿದ್ದು ದಿಮ್ಮಿ ಜಜ್ಜಿಹೋಯಿತು. ಬಸ್ಸು ಓಡಿಸೋ ಹಾಗೆ ಬಡೀತಾನೆ ಎಂದು ರೋಸೆಲಾ ಬೈದಳು. ಎರಡನೆಯದು ಓರೆ ಬಿತ್ತು, ಅದಕ್ಕೂ ಬೈದಳು. ಏಟಿನ ಪಕ್ಕದಲ್ಲಿ ಏಟು, ಮರಕ್ಕೆ ತಾನಾಗಿ ಬಿಡಲು ಸಮಯ ಕೊಡು ಎಂದು ಅವನ ಮೊಣಕೈ ಹಿಡಿದು ತೋರಿಸಿದಳು. ಬಹಳ ಹೊತ್ತಿನ ಮೇಲೆ ದಿಮ್ಮಿಯ ತುದಿಯಲ್ಲಿ ಸಣ್ಣ ನಾಲಿಗೆಯಂಥದ್ದು ಎದ್ದಿತು. ಅವಳು ಅದನ್ನು ಚಿವುಟಿ ಹಿಡಿದು ಹಿಂದಕ್ಕೆ ನಡೆದಳು. ದಿಮ್ಮಿಯಷ್ಟುದ್ದ, ಒದ್ದೆಯಾದ, ಹೊಳೆಯುವ ಪಟ್ಟಿಯೊಂದು ಎದ್ದು ಬಂತು. ಮರ ಒಂದು ಇಡೀ ವರ್ಷ ಬೆಳೆದದ್ದು ಅಷ್ಟು. ಡೆಲ್ಬರ್ಟ್ ಅದನ್ನು ಕೈಯಲ್ಲಿ ಹಿಡಿದು ಬಾಗಿಸಿ ನೋಡಿದ, ಮುರಿಯಲಿಲ್ಲ.

ಆ ಬೇಸಿಗೆಯ ಉಳಿದ ದಿನಗಳೆಲ್ಲ ಬೆಳಿಗ್ಗೆ ಸರೋವರದ ತಿರುವಿನಾಚೆಯಿಂದ ಟಪ್ ಟಪ್ ಎಂಬ ಸದ್ದು ಶಿಬಿರಕ್ಕೆ ಕೇಳುತ್ತಿತ್ತು. ನಿದ್ದೆ ಕೆಟ್ಟ ಒಂದಿಬ್ಬರು ಅಂಗಡಿಯವನ ಹತ್ತಿರ ದೂರಿದರಂತೆ. ಹೊರಡುವ ದಿನ ಮೊಳೆಯಲ್ಲಿದ್ದ ಬುಟ್ಟಿ ಮಾರ್ಲಿಸ್ ತೊಡೆಯ ಮೇಲೆ ಬಂದು ಕೂತಿತು.

ಮರುವರ್ಷ ಜೂನ್ ಕೊನೆಗೆ ಮತ್ತೆ ಅದೇ ಗೇಟು, ಅದೇ ಹುಡುಗಿ. ಡೆಲ್ಬರ್ಟ್ ಗಾಡಿ ನಿಲ್ಲಿಸಿದ. ಹಾಸಿಗೆಯ ಕೆಳಗೆ ಆ ಸಲ ಮಡಿಚುವ ಕುರ್ಚಿಗಳಿದ್ದವು, ಚಳಿಯ ಬಟ್ಟೆ ಇತ್ತು, ಅವನ ಕೈಯಳತೆಗೆಂದೇ ಕೊಂಡ ಒಂದು ಹೊಸ ಕೊಡಲಿ ಇತ್ತು.

"ಹೊರಗಿಂದ ಸೌದೆ ಏನಾದ್ರೂ ತಂದಿದೀರಾ?"

"ಇಲ್ಲಮ್ಮ," ಎಂದ ಡೆಲ್ಬರ್ಟ್.

ಮಾರ್ಲಿಸ್ ಸರೋವರದ ಕಡೆ ತಿರುಗಲಿಲ್ಲ. ಅವನ ತೋಳಿನ ಮೇಲಿಂದ ಬಗ್ಗಿ, ಆ ಹುಡುಗಿಯ ಮುಖವನ್ನೇ ನೋಡುತ್ತ, ಚೆನ್ನಾಗಿದೀಯಾ ಮಗಳೇ ಎಂದು ಕೇಳಿದಳು.